ಒಂದೇ ಬೇಸ್ ಕ್ಲಾಸ್ ಎಷ್ಟು ಹೊರೆ ಹೊರಬಲ್ಲದು?

ಪ್ರಶ್ನೆ: ದಾವಣಗೆರೆಯಲ್ಲಿ ನಾವು ನಾಲ್ಕು ಜನ ಸೇರಿ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಪೈಥಾನ್, ಎಸ್‌ಕ್ಯೂಎಲ್‌ಆಲ್ಕೆಮಿ 2.0 (ಟೇಬಲ್‌ಗಳನ್ನು ಪೈಥಾನ್ ಕ್ಲಾಸ್‌ಗಳಾಗಿ ಬಳಸಲು ಬಿಡುವ ಓಆರ್‌ಎಂ ಲೈಬ್ರರಿ), ಪೋಸ್ಟ್‌ಗ್ರೆಸ್ ಡೇಟಾಬೇಸ್. ಸುಮಾರು 40 ಟೇಬಲ್‌ಗಳಿವೆ. ಶುರುವಿನಲ್ಲೇ ಎಲ್ಲ ಮಾಡೆಲ್‌ಗಳಿಗೂ (ಟೇಬಲ್‌ಗೊಂದರಂತೆ ಇರುವ ಕ್ಲಾಸ್‌ಗಳಿಗೂ) ಒಂದು ಬೇಸ್ ಕ್ಲಾಸ್ ಬರೆದೆ; ಉಳಿದವು ಇನ್‌ಹೆರಿಟೆನ್ಸ್ ಮೂಲಕ ಅದರಿಂದ ಎಲ್ಲವನ್ನೂ ಪಡೆಯುತ್ತವೆ. ಐಡಿ, ದಾಖಲಾದ ಸಮಯ, ತಿದ್ದಿದ ಸಮಯ, ಅಳಿಸಿದ ಗುರುತು, ಸೇವ್ ಮತ್ತು ಡಿಲೀಟ್ ಮೆಥಡ್‌ಗಳು, ಸೇವ್‌ಗೆ ಮುಂಚೆ ಓಡುವ ಹುಕ್, ಜೇಸನ್‌ಗೆ ಬದಲಿಸುವ ಮೆಥಡ್ ಎಲ್ಲವೂ ಅದರಲ್ಲೇ ಇವೆ. ಟೇಬಲ್ ಹೆಸರನ್ನೂ ಕ್ಲಾಸ್ ಹೆಸರಿನಿಂದ ಅದೇ ಹುಟ್ಟಿಸುತ್ತದೆ. ಈಗ ಮೂರನೇ ಸಂಘ ಬಂದಿದೆ, ಅವರಿಗೆ ಸದಸ್ಯರ ಬಗ್ಗೆ ಬೇರೆ ವಿವರಗಳು ಬೇಕು. ಬೇಸ್ ಕ್ಲಾಸ್ ಒಳಗೆ ‘ಈ ಟೇಬಲ್ ಆದರೆ ಹೀಗೆ, ಆ ಸಂಘ ಆದರೆ ಹಾಗೆ’ ಎಂಬ ಇಫ್‌ಗಳೇ ತುಂಬಿಕೊಂಡಿವೆ. ಅಳಿಸಿದ ಸದಸ್ಯರ ಮೊಬೈಲ್ ನಂಬರನ್ನು ಮತ್ತೆ ನೋಂದಾಯಿಸಹೋದರೆ ಡೂಪ್ಲಿಕೇಟ್ ಎನ್ನುತ್ತದೆ. ವರ್ಷದ ಕೊನೆಗೆ ಎಲ್ಲ ಖಾತೆಗಳಿಗೂ ಒಟ್ಟಿಗೆ ಬಡ್ಡಿ ಹಾಕಿದಾಗ ಹುಕ್ ಓಡಲೇ ಇಲ್ಲ. ತಂಡದಲ್ಲಿ ಒಬ್ಬರು ‘ಇನ್‌ಹೆರಿಟೆನ್ಸ್ ಪೂರ್ತಿ ಕಿತ್ತುಹಾಕಿ’ ಅನ್ನುತ್ತಾರೆ. ಇನ್ನೊಬ್ಬರು ‘ಸದಸ್ಯ ಎಂಬ ಕ್ಲಾಸ್ ಮಾಡಿ, ಅದರ ಕೆಳಗೆ ವ್ಯಕ್ತಿ, ಸ್ವಸಹಾಯ ಸಂಘ, ಸಿಬ್ಬಂದಿ ಎಂದು ಸಬ್‌ಕ್ಲಾಸ್ ಮಾಡೋಣ’ ಅನ್ನುತ್ತಾರೆ. ಯಾರ ಮಾತು ಸರಿ? ಇನ್ನೊಂದು ಚಿಕ್ಕ ಪ್ರಶ್ನೆ: ಬೇಸ್‌ಗೆ ಪೈಥಾನಿನ ಎಬಿಸಿ (ಇಂಥ ಮೆಥಡ್ ಇರಲೇಬೇಕು ಎಂದು ಕಡ್ಡಾಯ ಮಾಡುವ ಕ್ಲಾಸ್) ಸೇರಿಸಿದರೆ ಮೆಟಾಕ್ಲಾಸ್ ಕಾನ್‌ಫ್ಲಿಕ್ಟ್ ಎಂಬ ಎರರ್ ಬರುತ್ತದೆ, ಯಾಕೆ?

ಉತ್ತರ: ನೀವು ಹೇಳಿದ ತೊಂದರೆಗಳು ಐದಾರು, ಬೇರು ಮಾತ್ರ ಒಂದೇ. ನಿಮ್ಮ ಬೇಸ್ ಕ್ಲಾಸ್ 40 ಟೇಬಲ್‌ಗಳ ಪರವಾಗಿ ಮಾತು ಕೊಟ್ಟುಬಿಟ್ಟಿದೆ. ಇವೆಲ್ಲಕ್ಕೂ ಒಂದೊಂದು ಐಡಿ ಉಂಟು, ಇವೆಲ್ಲವನ್ನೂ ಅಳಿಸಬಹುದು, ಇವೆಲ್ಲವೂ ಒಂದೊಂದಾಗಿಯೇ ಸೇವ್ ಆಗುತ್ತವೆ ಎಂದು. ಬಹುಪಾಲು ಟೇಬಲ್‌ಗಳಿಗೆ ಆ ಮಾತು ನಿಜ. ಸುಳ್ಳಾದ ಕಡೆಯಲ್ಲೆಲ್ಲ ಒಂದೊಂದು ಇಫ್ ಹುಟ್ಟಿದೆ. ಬೇಸ್ ಕ್ಲಾಸಿನಲ್ಲಿ ಏನಿರಬೇಕು ಎನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಇವತ್ತಿರುವ ಎಲ್ಲ ಟೇಬಲ್‌ಗಳಿಗೂ, ನಾಳೆ ಬರಲಿರುವ ಟೇಬಲ್‌ಗೂ ಯಾವುದು ತಪ್ಪದೆ ನಿಜವೋ ಅಷ್ಟು ಮಾತ್ರ. ಉಳಿದದ್ದನ್ನು ಬೇಕಾದ ಟೇಬಲ್ ತಾನೇ ಕೇಳಿ ಪಡೆಯಬೇಕು.

ನಿಮ್ಮ ಇಬ್ಬರು ಸಹೋದ್ಯೋಗಿಗಳೂ ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿದ್ದಾರೆ. ಇಬ್ಬರೂ ಬಳಸುತ್ತಿರುವ ಪದ ಮಾತ್ರ ಒಂದೇ ಆಗಿದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇನ್‌ಹೆರಿಟೆನ್ಸ್ ಎಂದರೆ ಮೂರು ಅರ್ಥ. ಒಂದು, ಪೈಥಾನ್ ಮೆಥಡ್‌ಗಳನ್ನು ಹಂಚಿಕೊಳ್ಳುವುದು. ಎರಡು, ಕಾಲಂ ವಿವರಣೆಯನ್ನು ಹಂಚಿಕೊಳ್ಳುವುದು: ಮಿಕ್ಸಿನ್ ಕ್ಲಾಸಿನಲ್ಲೋ (ಬೇಕಾದ ಮಾಡೆಲ್ ಮಾತ್ರ ಸೇರಿಸಿಕೊಳ್ಳುವ ಚಿಕ್ಕ ಕ್ಲಾಸ್) ಅಬ್‌ಸ್ಟ್ರ್ಯಾಕ್ಟ್ (ತನ್ನದೇ ಟೇಬಲ್ ಇಲ್ಲದ್ದು) ಎಂದು ಗುರುತು ಹಾಕಿದ ಕ್ಲಾಸಿನಲ್ಲೋ ಬರೆದ ಕಾಲಂ ಪ್ರತಿ ಟೇಬಲ್‌ಗೂ ನಕಲಾಗಿ ಹೋಗುತ್ತದೆ, ಡೇಟಾಬೇಸ್‌ನಲ್ಲಿ ಆ ಟೇಬಲ್‌ಗಳ ನಡುವೆ ಯಾವ ನಂಟೂ ಇರುವುದಿಲ್ಲ. ಮೂರು, ಟೇಬಲ್‌ಗಳ ನಡುವೆಯೇ ತಾಯಿ ಮಕ್ಕಳ ಸಂಬಂಧ ಕಟ್ಟುವುದು, ಅಂದರೆ ಪಾಲಿಮಾರ್ಫಿಕ್ ಮ್ಯಾಪಿಂಗ್. ಮೊದಲ ಎರಡನ್ನು ಇವತ್ತು ಮಾಡಿ ನಾಳೆ ಬದಲಿಸಬಹುದು. ಮೂರನೆಯದು ಡೇಟಾದ ಒಳಗೇ ಕೂರುತ್ತದೆ. ಬದಲಿಸಬೇಕೆಂದರೆ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸುವ ಸ್ಕ್ರಿಪ್ಟ್) ಬರೆದು, ಸಾಲುಗಳನ್ನು ಸ್ಥಳಾಂತರಿಸಿ, ರಾತ್ರಿ ಸರ್ವರ್ ನಿಲ್ಲಿಸಬೇಕಾಗುತ್ತದೆ. ‘ಕಿತ್ತುಹಾಕಿ’ ಎನ್ನುವವರಿಗೆ ಮೊದಲ ಎರಡರ ಅತಿಬಳಕೆಯಿಂದ ಬೇಸರವಾಗಿದೆ. ‘ಸಬ್‌ಕ್ಲಾಸ್ ಮಾಡೋಣ’ ಎನ್ನುವವರು ಮೂರನೆಯದನ್ನು ಕೇಳುತ್ತಿದ್ದಾರೆ. ಎರಡನ್ನೂ ಬಿಡಿಬಿಡಿಯಾಗಿ ತೀರ್ಮಾನಿಸಿ.

ಬೇಸ್‌ನಲ್ಲಿ ಉಳಿಯಬೇಕಾದದ್ದು

ನನ್ನ ಲೆಕ್ಕದಲ್ಲಿ ನಾಲ್ಕೇ ವಸ್ತುಗಳು. ಮೊದಲನೆಯದು ಮೆಟಾಡೇಟಾ (ಎಲ್ಲ ಟೇಬಲ್‌ಗಳ ವಿವರದ ಸಂಗ್ರಹ) ಮತ್ತು ಅದರೊಳಗಿನ ಹೆಸರಿಡುವ ನಿಯಮ, ಅಂದರೆ ನೇಮಿಂಗ್ ಕನ್ವೆನ್ಶನ್. ಇದಿಲ್ಲದಿದ್ದರೆ ಕನ್‌ಸ್ಟ್ರೈಂಟ್‌ಗಳಿಗೆ (ಯೂನಿಕ್, ಫಾರಿನ್ ಕೀಯಂಥ ಕಟ್ಟುಪಾಡುಗಳಿಗೆ) ಪೋಸ್ಟ್‌ಗ್ರೆಸ್ ತಾನೇ ಹೆಸರಿಡುತ್ತದೆ. ಮುಂದೆ ಮೈಗ್ರೇಶನ್ ಉಪಕರಣವಾದ ಅಲೆಂಬಿಕ್‌ನಲ್ಲಿ ಅದನ್ನು ತೆಗೆಯಬೇಕಾದಾಗ ಹೆಸರು ನಿಮ್ಮ ಕೋಡಿನಲ್ಲಿ ಎಲ್ಲೂ ಇರುವುದಿಲ್ಲ. ನಿಮ್ಮ ಡೇಟಾಬೇಸ್ ಈಗಾಗಲೇ ಓಡುತ್ತಿರುವುದರಿಂದ ಹೊಸ ಶೈಲಿಯ ಹೆಸರುಗಳನ್ನು ಹೇರಿ ನೂರಾರು ಕನ್‌ಸ್ಟ್ರೈಂಟ್‌ಗಳ ಹೆಸರು ಬದಲಿಸುವ ಕೆಲಸಕ್ಕೆ ಕೈಹಾಕಬೇಡಿ. ಪೋಸ್ಟ್‌ಗ್ರೆಸ್ ಇಡುವ ರೂಢಿಯ ಹೆಸರುಗಳನ್ನೇ ನಿಯಮವಾಗಿ ಬರೆಯಿರಿ: ಪ್ರೈಮರಿ ಕೀಗೆ ಟೇಬಲ್ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಪಿಕೀ, ಫಾರಿನ್ ಕೀಗೆ ಟೇಬಲ್, ಕಾಲಂ, ಕೊನೆಗೆ ಎಫ್‌ಕೀ, ಯೂನಿಕ್‌ಗೆ ಟೇಬಲ್, ಕಾಲಂ, ಕೊನೆಗೆ ಕೀ. ಹಳೆಯದೂ ಹೊಸದೂ ಒಂದೇ ಆಗಿಬಿಡುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್ ಎನ್ನುವುದು ನೆನಪಿರಲಿ. ಉದ್ದನೆಯ ಟೇಬಲ್ ಹೆಸರುಗಳಿದ್ದರೆ ಇದಕ್ಕೆ ತಗುಲಿಕೊಳ್ಳುತ್ತೀರಿ.

ಎರಡನೆಯದು ಟೈಪ್ ಅನೊಟೇಶನ್ ಮ್ಯಾಪ್. ಡೆಸಿಮಲ್ ಎಂದು ಬರೆದರೆ ನ್ಯೂಮೆರಿಕ್ 14, 2 ಎಂದೂ, ಡೇಟ್‌ಟೈಮ್ ಎಂದರೆ ಟೈಮ್‌ಜೋನ್ ಸಹಿತ ಎಂದೂ ಇಲ್ಲಿ ಒಮ್ಮೆ ಹೇಳಿದರೆ 40 ಟೇಬಲ್‌ಗಳಲ್ಲೂ ಅದೇ ನಡೆಯುತ್ತದೆ. ಹಣದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರೋ ಒಬ್ಬರು ಮರೆತು ಒಂದು ಕಾಲಮನ್ನು ಫ್ಲೋಟ್ ಮಾಡಿದರೆ ಪೈಸೆಗಳು ಹೊಂದಾಣಿಕೆಯಾಗದೆ ಲೆಕ್ಕಪರಿಶೋಧನೆಯ ಹೊತ್ತಿಗೆ ಕಾಡುತ್ತವೆ. ಹಾಗಾಗಿ ಫ್ಲೋಟ್ ಟೈಪಿನ ಕಾಲಂ ಕಂಡರೆ ಬೀಳುವ ಒಂದು ಟೆಸ್ಟ್ ಕೂಡ ಬರೆದಿಡಿ.

ಮೂರನೆಯದು ಈಗರ್ ಡಿಫಾಲ್ಟ್ಸ್ ಎಂಬ ಮ್ಯಾಪರ್ ಆಯ್ಕೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ. ನಾಲ್ಕನೆಯದು ರೆಪ್ರ್ ಮೆಥಡ್, ಅಂದರೆ ಆಬ್ಜೆಕ್ಟ್ ಮುದ್ರಿಸಿದಾಗ ಕಾಣುವ ಪಠ್ಯ ಕೊಡುವಂಥದ್ದು. ಅದರಲ್ಲಿ ಕಾಲಂಗಳನ್ನು ನೇರವಾಗಿ ಮುಟ್ಟಬೇಡಿ. ಸೆಷನ್ (ಆಬ್ಜೆಕ್ಟ್‌ಗಳನ್ನು ಹಿಡಿದಿಟ್ಟು ಡೇಟಾಬೇಸ್ ಜೊತೆ ವ್ಯವಹರಿಸುವ ವಸ್ತು) ಮುಚ್ಚಿದ ಮೇಲೆ ಲಾಗ್‌ನಲ್ಲಿ ಆ ಆಬ್ಜೆಕ್ಟ್ ಮುದ್ರಿಸಹೋದಾಗ ಎಕ್ಸ್‌ಪೈರ್ ಆದ ಕಾಲಮನ್ನು ಮತ್ತೆ ತರಲು ಹೋಗಿ ಡಿಟ್ಯಾಚ್ಡ್ ಇನ್‌ಸ್ಟೆನ್ಸ್ ಎರರ್ ಬರುತ್ತದೆ, ನಿಜವಾದ ದೋಷ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಇನ್‌ಸ್ಪೆಕ್ಟ್ ಮೂಲಕ ಐಡೆಂಟಿಟಿಯನ್ನು ಮಾತ್ರ ತೆಗೆದು ತೋರಿಸಿ, ಸಾಕು.

ಐಡಿ ಈ ಪಟ್ಟಿಯಲ್ಲಿ ಇಲ್ಲ ಎನ್ನುವುದನ್ನು ಗಮನಿಸಿರಬಹುದು. ಸದಸ್ಯರಿಗೂ ಸಮಿತಿಗಳಿಗೂ ನಡುವೆ ಜೋಡಣೆಯ ಟೇಬಲ್ ಇದ್ದರೆ ಅಲ್ಲಿ ಎರಡು ಫಾರಿನ್ ಕೀಗಳೇ ಸೇರಿ ಪ್ರೈಮರಿ ಕೀ ಆಗಬೇಕು. ಮೇಲೊಂದು ಐಡಿ ಹೇರಿದರೆ ಒಂದೇ ಜೋಡಿ ಎರಡು ಸಲ ಸೇರಿಕೊಳ್ಳುವ ದಾರಿ ತೆರೆಯುತ್ತದೆ. ಆದ್ದರಿಂದ ಐಡಿಯೂ ಒಂದು ಮಿಕ್ಸಿನ್ ಆಗಲಿ.

ಹೆಸರು ತಾನೇ ಹುಟ್ಟುವುದರ ಅಪಾಯ

ಕ್ಲಾಸ್ ಹೆಸರಿನಿಂದ ಟೇಬಲ್ ಹೆಸರು ಹುಟ್ಟಿಸುವುದು ನೋಡಲು ಚೆಂದ. ನಾನು ಅದನ್ನು ತೆಗೆಯಿರಿ ಎಂದೇ ಹೇಳುತ್ತೇನೆ, ಕಾರಣ ಎರಡು. ಸಾಮಾನ್ಯವಾಗಿ ಮಧ್ಯದ ಕ್ಲಾಸಿಗೆ ಅಬ್‌ಸ್ಟ್ರ್ಯಾಕ್ಟ್ ಗುರುತು ಹಾಕಲು ಮರೆತರೆ ‘ಟೇಬಲ್ ಹೆಸರಿಲ್ಲ’ ಎಂದು ಎಸ್‌ಕ್ಯೂಎಲ್‌ಆಲ್ಕೆಮಿ ಅಲ್ಲಿಯೇ ತಡೆಯುತ್ತದೆ. ಹೆಸರು ತಾನೇ ಹುಟ್ಟುವ ಏರ್ಪಾಡಿನಲ್ಲಿ ಆ ತಡೆ ಹೋಯಿತು. ಆ ಕ್ಲಾಸ್ ಸದ್ದಿಲ್ಲದೆ ನಿಜವಾದ ಟೇಬಲ್ ಆಗುತ್ತದೆ. ಅದರ ಕೆಳಗಿನ ಕ್ಲಾಸ್ ಬಂದಾಗ ಜಾಯಿನ್ಡ್ ಇನ್‌ಹೆರಿಟೆನ್ಸ್ (ತಾಯಿ ಟೇಬಲ್‌ಗೆ ಮಗುವಿನ ಟೇಬಲ್ ಜೋಡಿಸುವ ಬಗೆ) ಎಂದು ಭಾವಿಸಿ, ಎರಡು ಟೇಬಲ್‌ಗಳ ನಡುವೆ ಫಾರಿನ್ ಕೀ ಇಲ್ಲ ಎಂಬ ಎರರ್ ಕೊಡುತ್ತದೆ. ಎರರ್ ಓದಿದವರು ಫಾರಿನ್ ಕೀ ಸೇರಿಸಿ ‘ಸರಿಮಾಡಿ’ ಬಿಡುತ್ತಾರೆ, ಯಾರಿಗೂ ಬೇಡವಾದ ಟೇಬಲ್ ಒಂದು ಶಾಶ್ವತವಾಗುತ್ತದೆ. ಎರಡನೆಯ ಕಾರಣ, ಕ್ಲಾಸ್ ಹೆಸರು ಬದಲಿಸಿದರೆ ಅಲೆಂಬಿಕ್ ಅದನ್ನು ಹಳೆಯ ಟೇಬಲ್ ತೆಗೆದು ಹೊಸದು ಮಾಡುವ ಕೆಲಸವೆಂದೇ ಓದುತ್ತದೆ. ತಯಾರಾದ ಮೈಗ್ರೇಶನ್ ಫೈಲನ್ನು ಕಣ್ಣಾಡಿಸದೆ ಓಡಿಸಿದರೆ ಡೇಟಾ ಹೋಯಿತು. 40 ಸಾಲು ಟೈಪ್ ಮಾಡುವ ಶ್ರಮ ಉಳಿಸಲು ಇಷ್ಟು ಅಪಾಯ ಬೇಕಿಲ್ಲ. ಹೆಸರನ್ನು ಕೈಯಾರೆ ಬರೆಯಿರಿ.

ಮಿಕ್ಸಿನ್‌ಗಳು, ಅವುಗಳ ಬಲೆಗಳು

ಐಡಿ, ಸಮಯ, ಅಳಿಸಿದ ಗುರುತು ಮೂರೂ ಮೂರು ಮಿಕ್ಸಿನ್ ಆಗಲಿ. ಸದಸ್ಯ ಕ್ಲಾಸ್ ಮೂರನ್ನೂ ಎಡಕ್ಕೆ ಬರೆದು ಬೇಸನ್ನು ಬಲತುದಿಗೆ ಇಡುತ್ತದೆ. ಪೈಥಾನ್ ಎಡದಿಂದ ಬಲಕ್ಕೆ ಹುಡುಕುವುದರಿಂದ ಮಿಕ್ಸಿನ್ ಬೇಸ್‌ನ ಮೆಥಡನ್ನು ಮೀರಬೇಕಾದರೆ ಈ ಕ್ರಮ ಬೇಕೇ ಬೇಕು.

ಎಲ್ಲರೂ ಬೀಳುವ ಬಲೆ ಒಂದಿದೆ. ಮಿಕ್ಸಿನ್‌ನಲ್ಲಿ ಟೇಬಲ್ ಆರ್ಗ್ಸ್ ಬರೆದು ಇಂಡೆಕ್ಸ್ ಸೇರಿಸಿದ್ದೀರಿ, ಮಾಡೆಲ್‌ನಲ್ಲಿ ಇನ್ನೊಂದು ಟೇಬಲ್ ಆರ್ಗ್ಸ್ ಬರೆದು ಯೂನಿಕ್ ಸೇರಿಸಿದ್ದೀರಿ ಎಂದುಕೊಳ್ಳಿ. ಎರಡೂ ಸೇರುವುದಿಲ್ಲ, ಮಾಡೆಲ್‌ನದು ಮಿಕ್ಸಿನ್‌ನದನ್ನು ಪೂರ್ತಿ ಮರೆಮಾಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇಂಡೆಕ್ಸ್ ಇಲ್ಲವಾಗಿರುವುದು ಕ್ವೆರಿ ನಿಧಾನವಾದಾಗ ಗೊತ್ತಾಗುತ್ತದೆ. ಮ್ಯಾಪರ್ ಆರ್ಗ್ಸ್ ಕತೆಯೂ ಇದೇ. ಬೇಸ್‌ನಲ್ಲಿ ಈಗರ್ ಡಿಫಾಲ್ಟ್ಸ್ ಇಟ್ಟು, ಮಾಡೆಲ್ ಒಂದರಲ್ಲಿ ವರ್ಶನ್ ಕಾಲಂಗಾಗಿ ಮ್ಯಾಪರ್ ಆರ್ಗ್ಸ್ ಬರೆದರೆ ಮೊದಲನೆಯದು ಆ ಮಾಡೆಲ್‌ಗೆ ಅನ್ವಯಿಸದು. ಡಿಕ್ಲೇರ್ಡ್ ಆ್ಯಟ್ರ್ (ಪ್ರತಿ ಮಾಡೆಲ್‌ಗೂ ಪ್ರತ್ಯೇಕವಾಗಿ ಓಡುವ ಮೆಥಡ್) ಬಳಸಿ ಮೇಲಿನವರದ್ದನ್ನು ಎತ್ತಿಕೊಂಡು ತನ್ನದನ್ನು ಸೇರಿಸುವ ಹಾಗೆ ನೀವೇ ಬರೆಯಬೇಕು. ರಿಲೇಶನ್‌ಶಿಪ್‌ಗಳನ್ನು ಮಿಕ್ಸಿನ್‌ನಲ್ಲಿ ಇಡುವುದಾದರೂ ಡಿಕ್ಲೇರ್ಡ್ ಆ್ಯಟ್ರ್ ಒಳಗೇ ಇಡಬೇಕು. ಕಾಲಮಿನ ಹಾಗೆ ಅವು ನಕಲಾಗುವುದಿಲ್ಲ.

ಇನ್ನು ಕಾಲಂಗಳ ಕ್ರಮ. 2.0ದಲ್ಲಿ ಮಿಕ್ಸಿನ್ ಕಾಲಂಗಳು ಟೇಬಲ್‌ನ ಮುಂಭಾಗಕ್ಕೆ ಬಂದು ಕೂರುತ್ತವೆ. ಹೊಸ ಸಂಘಕ್ಕೆ ಟೇಬಲ್ ಕಟ್ಟಿದಾಗ ದಾಖಲಾದ ಸಮಯ ಮೊದಲು, ಸದಸ್ಯರ ಹೆಸರು ಆಮೇಲೆ. ಇದರಿಂದ ಕೆಡುವುದೇನೂ ಇಲ್ಲ, ಆದರೆ ಹಳೆಯ ಸಂಘದ ಡೇಟಾಬೇಸಿಗೂ ಹೊಸದಕ್ಕೂ ಕ್ರಮ ಬೇರೆಯಾಗಿ, ಕಾಲಂ ಹೆಸರು ಕೊಡದೆ ಸಿಎಸ್‌ವಿ ತುಂಬುವ ಹಳೆಯ ಸ್ಕ್ರಿಪ್ಟ್‌ಗಳು ತಪ್ಪು ಕಾಲಮಿಗೆ ತುಂಬಬಹುದು. 2.0.4ರಿಂದ ಕಾಲಂಗೆ ಸಾರ್ಟ್ ಆರ್ಡರ್ ಕೊಡಬಹುದು. ಸಮಯದ ಕಾಲಂಗಳಿಗೆ 999 ಕೊಟ್ಟರೆ ಕೊನೆಗೆ ಹೋಗುತ್ತವೆ.

ಸಮಯದ ಮಿಕ್ಸಿನ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಡಿಫಾಲ್ಟ್‌ಗೆ ಫಂಕ್ಷನ್ ಕೊಡುವ ಬದಲು ಆವರಣಚಿಹ್ನೆ ಹಾಕಿ ಅದನ್ನು ಕರೆದುಬಿಟ್ಟರೆ ಸರ್ವರ್ ಶುರುವಾದ ಕ್ಷಣವೇ ಎಲ್ಲ ಸಾಲುಗಳಿಗೂ ಅಂಟಿಕೊಳ್ಳುತ್ತದೆ. ಯುಟಿಸಿನೌ ಎಂಬ ಫಂಕ್ಷನ್ ಪೈಥಾನ್ 3.12ರಿಂದ ಡೆಪ್ರಿಕೇಟ್ ಆಗಿದೆ, ಅದು ಕೊಡುವ ಸಮಯದಲ್ಲಿ ಟೈಮ್‌ಜೋನ್ ಕೂಡ ಇರುವುದಿಲ್ಲ. ದಾಖಲಾದ ಸಮಯಕ್ಕೆ ಸರ್ವರ್ ಡಿಫಾಲ್ಟ್ ಆಗಿ ನೌ ಫಂಕ್ಷನ್, ತಿದ್ದಿದ ಸಮಯಕ್ಕೆ ಅದರ ಜೊತೆಗೆ ಆನ್‌ಅಪ್‌ಡೇಟ್ ಇಡಿ. ಪೋಸ್ಟ್‌ಗ್ರೆಸ್‌ನ ನೌ ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಹೊತ್ತನ್ನು. ಒಂದೇ ಟ್ರಾನ್ಸಾಕ್ಷನ್‌ನಲ್ಲಿ 300 ರಸೀದಿ ದಾಖಲಿಸಿದರೆ 300ಕ್ಕೂ ಒಂದೇ ಸಮಯ. ರಸೀದಿಗಳ ಕ್ರಮವನ್ನು ಆ ಕಾಲಂನಿಂದ ಹೇಳಲಾಗದು, ರಸೀದಿ ಸಂಖ್ಯೆಯಿಂದಲೇ ಹೇಳಬೇಕು.

ಆನ್‌ಅಪ್‌ಡೇಟ್ ಎಸ್‌ಕ್ಯೂಎಲ್‌ಆಲ್ಕೆಮಿ ಕಟ್ಟುವ ಅಪ್‌ಡೇಟ್‌ಗಳಲ್ಲಿ ಮಾತ್ರ ಸೇರುತ್ತದೆ. ಯಾರಾದರೂ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಕಿಟಕಿ) ತೆರೆದು ಕೈಯಾರೆ ತಿದ್ದಿದರೆ ತಿದ್ದಿದ ಸಮಯ ಹಳೆಯದೇ ಉಳಿಯುತ್ತದೆ. ಅದೂ ಹಿಡಿಯಬೇಕೆಂದರೆ ಡೇಟಾಬೇಸ್ ತಾನೇ ಓಡಿಸುವ ಟ್ರಿಗರ್ ಬರೆಯಬೇಕು. ಈಗ ಈಗರ್ ಡಿಫಾಲ್ಟ್ಸ್. 2.0ದಲ್ಲಿ ಅದರ ಮಾಮೂಲಿ ಬೆಲೆ ‘ಆಟೋ’: ಸೇರಿಸುವಾಗ ಸರ್ವರ್ ಕೊಟ್ಟ ಬೆಲೆಯನ್ನು ರಿಟರ್ನಿಂಗ್ ಮೂಲಕ ತರುತ್ತದೆ, ತಿದ್ದುವಾಗ ತರುವುದಿಲ್ಲ. ತಿದ್ದಿ ಫ್ಲಶ್ ಮಾಡಿದ (ಬದಲಾವಣೆಗಳನ್ನು ಡೇಟಾಬೇಸಿಗೆ ಕಳಿಸಿದ) ಮೇಲೆ ತಿದ್ದಿದ ಸಮಯವನ್ನು ಓದಹೋದರೆ ಇನ್ನೊಂದು ಸೆಲೆಕ್ಟ್ ಓಡುತ್ತದೆ. ಅಸಿಂಕ್ ಸೆಷನ್ ಬಳಸುತ್ತಿದ್ದರೆ ಅದು ಮಿಸ್ಸಿಂಗ್ ಗ್ರೀನ್‌ಲೆಟ್ ಎಂಬ ಎರರ್ ಆಗಿ ಬಂದು ಜನರನ್ನು ಗಂಟೆಗಟ್ಟಲೆ ಅಲೆಸುತ್ತದೆ. ಬೇಸ್‌ನ ಮ್ಯಾಪರ್ ಆರ್ಗ್ಸ್‌ನಲ್ಲಿ ಟ್ರೂ ಇಟ್ಟರೆ ಪೋಸ್ಟ್‌ಗ್ರೆಸ್‌ನಲ್ಲಿ ಈ ತೊಂದರೆ ತಪ್ಪುತ್ತದೆ.

ಸೇವ್, ಹುಕ್, ಅಳಿಸುವಿಕೆ: ಇವು ಸೆಷನ್ನಿನ ಕೆಲಸ

ಸೇವ್ ಮೆಥಡ್ ಒಳಗೆ ಕಮಿಟ್ ಇದ್ದರೆ ಅದನ್ನು ಮೊದಲು ತೆಗೆಯಿರಿ, ಎಲ್ಲಕ್ಕಿಂತ ಮೊದಲು. ಠೇವಣಿಯಿಂದ ಹಣ ತೆಗೆದು ಸಾಲದ ಕಂತಿಗೆ ಜಮಾ ಮಾಡುವಾಗ ಎರಡು ಸೇವ್ ಇರುತ್ತವೆ. ಮೊದಲನೆಯದು ಕಮಿಟ್ ಆಗಿ ಎರಡನೆಯದು ಬಿದ್ದರೆ ಸದಸ್ಯರ ಹಣ ಎಲ್ಲೂ ಇಲ್ಲದಂತಾಗುತ್ತದೆ. ಪ್ರತಿ ಕಮಿಟ್‌ಗೂ ಪೋಸ್ಟ್‌ಗ್ರೆಸ್ ಲಾಗನ್ನು ಡಿಸ್ಕಿಗೆ ಬರೆದು ಖಾತ್ರಿಪಡಿಸಿಕೊಳ್ಳುತ್ತದೆ. ಅದರ ಮೇಲೆ, ಎಕ್ಸ್‌ಪೈರ್ ಆನ್ ಕಮಿಟ್ ಮಾಮೂಲಾಗಿ ಚಾಲೂ ಇರುವುದರಿಂದ ಕಮಿಟ್ ಆದೊಡನೆ ಸೆಷನ್ನಿನಲ್ಲಿರುವ ಎಲ್ಲ ಆಬ್ಜೆಕ್ಟ್‌ಗಳ ಬೆಲೆಗಳೂ ಹಳತಾಗಿ, ಮುಟ್ಟಿದಾಗಲೆಲ್ಲ ಮತ್ತೆ ಸೆಲೆಕ್ಟ್ ಓಡುತ್ತದೆ. ಲೂಪಿನಲ್ಲಿ 500 ಸೇವ್ ಎಂದರೆ 500 ಕಮಿಟ್, ಜೊತೆಗೆ ನೂರಾರು ಬೇಡದ ಸೆಲೆಕ್ಟ್. ಎಲ್ಲಿ ಶುರು, ಎಲ್ಲಿ ಕಮಿಟ್ ಎನ್ನುವುದು ಒಂದು ವ್ಯವಹಾರವನ್ನು ಪೂರ್ತಿ ಬಲ್ಲ ಸರ್ವೀಸ್ ಫಂಕ್ಷನ್‌ನಲ್ಲಿ ಇರಬೇಕು. ಮಾಡೆಲ್‌ಗೆ ಸೆಷನ್ ಎಂಬುದು ಇದೆಯೆಂದೇ ಗೊತ್ತಿರಬಾರದು.

ಬಡ್ಡಿ ಹಾಕಿದಾಗ ಹುಕ್ ಓಡದೆ ಇದ್ದದ್ದು ದೋಷ ಅಲ್ಲ, ಅದು ಹಾಗೆಯೇ ಕೆಲಸ ಮಾಡುವುದು. ಬಿಫೋರ್ ಅಪ್‌ಡೇಟ್ ಮುಂತಾದ ಮ್ಯಾಪರ್ ಈವೆಂಟ್‌ಗಳು ಒಂದೊಂದು ಆಬ್ಜೆಕ್ಟ್ ಫ್ಲಶ್ ಆಗುವಾಗ ಓಡುತ್ತವೆ. ಒಂದೇ ಅಪ್‌ಡೇಟ್ ವಾಕ್ಯ 20,000 ಖಾತೆಗಳನ್ನು ತಿದ್ದಿದಾಗ ಪೈಥಾನಿನಲ್ಲಿ ಆಬ್ಜೆಕ್ಟ್‌ಗಳೇ ಇಲ್ಲ, ಹುಕ್ ಯಾವುದರ ಮೇಲೆ ಓಡಬೇಕು? ಪಟ್ಟಿ ಕೊಟ್ಟು ಒಟ್ಟಿಗೆ ಇನ್ಸರ್ಟ್ ಮಾಡಿದರೂ ಹೀಗೆಯೇ. ಇಲ್ಲಿ ನಿಮಗೆ ಮೂರು ದಾರಿಗಳಿವೆ. ಆಬ್ಜೆಕ್ಟ್‌ಗಳನ್ನು ಸಾವಿರ ಸಾವಿರದಂತೆ ತಂದು ತಿದ್ದಿದರೆ ಹುಕ್ ಓಡುತ್ತದೆ, ಸಮಯ ಮತ್ತು ಮೆಮೊರಿ ಹೆಚ್ಚು ಬೇಕು. ಸೆಷನ್ನಿನ ಡು ಓಆರ್‌ಎಂ ಎಕ್ಸಿಕ್ಯೂಟ್ ಈವೆಂಟ್‌ನಲ್ಲಿ ಅಪ್‌ಡೇಟ್ ವಾಕ್ಯವನ್ನೇ ಹಿಡಿದು ತಡೆಯಬಹುದು ಅಥವಾ ಲಾಗ್ ಮಾಡಬಹುದು, ಆದರೆ ಯಾವ ಸಾಲು ಏನಾಯಿತು ಎಂಬುದು ಅಲ್ಲಿ ಸಿಗದು. ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ ಕಾನೂನಿನ ದೃಷ್ಟಿಯಿಂದ ಬೇಕಿದ್ದರೆ ಡೇಟಾಬೇಸ್ ಟ್ರಿಗರ್ ಒಂದೇ ನಂಬಿಕೆಯ ದಾರಿ. ಬಡ್ಡಿಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ: ಶಿಲ್ಕಿನ ಕಾಲಮನ್ನು ತಿದ್ದುವ ಬದಲು ಪ್ರತಿ ಖಾತೆಗೂ ಒಂದು ಜಮಾ ನಮೂದು ಸೇರಿಸಿ. ಆಗ ನಮೂದೇ ದಾಖಲೆ, ಹುಕ್‌ನ ಅಗತ್ಯವೇ ಬೀಳದು.

ಹುಕ್ ಉಳಿಸಿಕೊಳ್ಳುವ ಕಡೆ ಬಿಫೋರ್ ಫ್ಲಶ್ ಬಳಸಿ, ಅದು ಸೆಷನ್ನಿಗೆ ಸೇರಿದ್ದು. ಮ್ಯಾಪರ್ ಈವೆಂಟಿನೊಳಗೆ ಬೇರೆ ಆಬ್ಜೆಕ್ಟ್‌ಗಳನ್ನು ಸೇರಿಸುವುದು, ರಿಲೇಶನ್‌ಶಿಪ್ ಬದಲಿಸುವುದು ಸುರಕ್ಷಿತವಲ್ಲ, ಏಕೆಂದರೆ ಫ್ಲಶ್‌ನ ಯೋಜನೆ ಆಗಲೇ ಸಿದ್ಧವಾಗಿರುತ್ತದೆ. ಬಿಫೋರ್ ಫ್ಲಶ್‌ನಲ್ಲಿ ಆ ತೊಡಕಿಲ್ಲ. ಸೆಷನ್ನಿನ ಡರ್ಟಿ ಪಟ್ಟಿಯಲ್ಲಿ (ತಿದ್ದಿದ ಆಬ್ಜೆಕ್ಟ್‌ಗಳ ಪಟ್ಟಿ) ಇದ್ದ ಮಾತ್ರಕ್ಕೆ ಬೆಲೆ ಬದಲಾಗಿದೆ ಎಂದು ನಂಬಬೇಡಿ, ಇದ್ದ ಬೆಲೆಯನ್ನೇ ಮತ್ತೆ ಇಟ್ಟರೂ ಅದು ಅಲ್ಲಿ ಕಾಣಿಸಿಕೊಳ್ಳುತ್ತದೆ. ಈಸ್ ಮಾಡಿಫೈಡ್ ಕೇಳಿ ಖಚಿತ ಮಾಡಿಕೊಳ್ಳಿ.

ಅಳಿಸಿದ ಗುರುತಿನದು ಇನ್ನೂ ನಾಜೂಕಾದ ವಿಚಾರ. ಸದಸ್ಯರಿಗೆ ಅದು ಸರಿ. ಜಮಾ ಖರ್ಚಿನ ನಮೂದಿಗೆ ಅದು ತಪ್ಪು, ಅಲ್ಲಿ ತಪ್ಪಾದರೆ ಎದುರು ನಮೂದು ಹಾಕಬೇಕೇ ಹೊರತು ಹಳೆಯದನ್ನು ಮರೆಮಾಡಬಾರದು. ನಿಮ್ಮ ಬೇಸ್ ಎಲ್ಲಕ್ಕೂ ಅಳಿಸುವ ಹಕ್ಕು ಕೊಟ್ಟಿರುವುದರಿಂದ ರಸೀದಿಯೊಂದನ್ನು ಸದ್ದಿಲ್ಲದೆ ಕಾಣೆಯಾಗಿಸಲು ಇವತ್ತು ಯಾವ ಅಡ್ಡಿಯೂ ಇಲ್ಲ. ಈ ಒಂದು ಕಾರಣವೇ ಅದನ್ನು ಬೇಸ್‌ನಿಂದ ಹೊರತೆಗೆಯಲು ಸಾಕು.

ಮೊಬೈಲ್ ನಂಬರಿನ ತೊಂದರೆಗೆ ಮದ್ದು ಸರಳ. ಯೂನಿಕ್ ಕನ್‌ಸ್ಟ್ರೈಂಟ್‌ಗೆ ಅಳಿಸಿದ ಸಾಲೂ ಸಾಲೇ. ಅದನ್ನು ತೆಗೆದು, ‘ಅಳಿಸಿದ ಸಮಯ ಖಾಲಿ ಇದ್ದರೆ ಮಾತ್ರ’ ಎಂಬ ಷರತ್ತಿನ ಪಾರ್ಶಿಯಲ್ ಯೂನಿಕ್ ಇಂಡೆಕ್ಸ್ ಹಾಕಿ. ಇದಕ್ಕೆಂದೇ ಹೌದು ಅಲ್ಲ ಎಂಬ ಗುರುತಿಗಿಂತ ಅಳಿಸಿದ ಸಮಯವನ್ನು ಇಡುವುದು ಒಳ್ಳೆಯದು. ಯಾವಾಗ ಅಳಿಸಿದ್ದು ಎಂಬುದೂ ಸಿಗುತ್ತದೆ.

ಅಳಿಸಿದವರು ಕ್ವೆರಿಗಳಲ್ಲಿ ಬರದಂತೆ ಮಾಡಲು ಡು ಓಆರ್‌ಎಂ ಎಕ್ಸಿಕ್ಯೂಟ್ ಈವೆಂಟ್‌ನಲ್ಲಿ ವಿತ್ ಲೋಡರ್ ಕ್ರೈಟೀರಿಯಾ ಎಂಬ, ಕ್ವೆರಿಗೆ ಷರತ್ತು ಸೇರಿಸುವ ಆಯ್ಕೆಯನ್ನು ಮಿಕ್ಸಿನ್ ಕ್ಲಾಸಿನ ಮೇಲೆ ಹಾಕಬಹುದು, 1.4ರಿಂದ ಇದೆ. ಅಲಿಯಾಸ್‌ಗಳಿಗೂ ಅನ್ವಯಿಸುವ ಆಯ್ಕೆಯನ್ನು ಚಾಲೂ ಮಾಡಲು ಮರೆಯಬೇಡಿ. ಇದರ ಮಿತಿಗಳೂ ತಿಳಿದಿರಲಿ. ಸೆಷನ್ನಿನಲ್ಲಿ ಆಗಲೇ ಇರುವ ಆಬ್ಜೆಕ್ಟನ್ನು ಗೆಟ್‌ನಿಂದ ಕೇಳಿದರೆ ಎಸ್‌ಕ್ಯೂಎಲ್ ಓಡುವುದೇ ಇಲ್ಲ, ಆದ್ದರಿಂದ ಸೋಸುವಿಕೆಯೂ ಇಲ್ಲ. ಕೈಯಾರೆ ಬರೆದ ಎಸ್‌ಕ್ಯೂಎಲ್ ರಿಪೋರ್ಟ್‌ಗಳಿಗೆ ಇದು ತಾಗದು; ಪರದೆಯಲ್ಲಿ 812 ಸದಸ್ಯರು, ವಾರ್ಷಿಕ ವರದಿಯಲ್ಲಿ 840 ಎಂಬಂಥ ಅಂತರಗಳು ಬರುವುದು ಹೀಗೆ. ರಿಪೋರ್ಟ್‌ಗಳಿಗೆ ಅಳಿಸದ ಸಾಲುಗಳನ್ನಷ್ಟೇ ತೋರಿಸುವ ವ್ಯೂ ಮಾಡಿಕೊಟ್ಟು, ಅಲ್ಲಿಂದಲೇ ಓದಬೇಕೆಂಬ ಕಟ್ಟುಪಾಡು ಮಾಡಿ.

ಜೇಸನ್ ಮೆಥಡ್ ಬಗ್ಗೆ ಎರಡೇ ಮಾತು. ಎಲ್ಲ ಕಾಲಂ, ಎಲ್ಲ ರಿಲೇಶನ್‌ಶಿಪ್ ಸುತ್ತುವ ಸಾಮಾನ್ಯ ಮೆಥಡ್ ಸಾಲಿಗೊಂದರಂತೆ ಕ್ವೆರಿ ಓಡಿಸುತ್ತದೆ, ಪಾಸ್‌ವರ್ಡ್ ಹ್ಯಾಶ್‌ನಂಥದ್ದನ್ನೂ ಹೊರಗೆ ಚೆಲ್ಲುತ್ತದೆ. ಹೊರಹೋಗುವ ವಿವರಕ್ಕೆ ಪ್ರತ್ಯೇಕ ಪೈಡ್ಯಾಂಟಿಕ್ ಸ್ಕೀಮಾ (ಯಾವ ವಿವರ ಹೊರಹೋಗಬೇಕೆಂದು ಪಟ್ಟಿಮಾಡುವ ಕ್ಲಾಸ್) ಬರೆಯಿರಿ.

ಸದಸ್ಯ, ಸ್ವಸಹಾಯ ಸಂಘ, ಸಿಬ್ಬಂದಿ

ಈಗ ಎರಡನೇ ಸಹೋದ್ಯೋಗಿಯ ಮಾತಿಗೆ ಬರೋಣ. ಒಂದು ಪರೀಕ್ಷೆ ಮಾಡಿ: ಇವತ್ತು ಒಂದು ವಿಧವಾಗಿರುವ ಸಾಲು ನಾಳೆ ಇನ್ನೊಂದು ವಿಧ ಆಗಬಹುದೇ? ಅಥವಾ ಒಂದೇ ಹೊತ್ತಿಗೆ ಎರಡೂ ಆಗಿರಬಹುದೇ? ವ್ಯಕ್ತಿಯೊಬ್ಬರು ಸ್ವಸಹಾಯ ಸಂಘ ಆಗಿಬಿಡುವುದಿಲ್ಲ, ಇವು ನಿಜವಾಗಿ ಎರಡು ವಿಧಗಳು. ಆದರೆ ಸದಸ್ಯರೊಬ್ಬರು ಮುಂದಿನ ತಿಂಗಳು ಸಂಘದಲ್ಲೇ ಗುಮಾಸ್ತರಾಗಿ ಸೇರಬಹುದು, ನಿರ್ದೇಶಕರೂ ಆಗಬಹುದು. ಸಿಬ್ಬಂದಿ ಎನ್ನುವುದು ಪಾತ್ರ, ವಿಧ ಅಲ್ಲ. ಪಾತ್ರವನ್ನು ಸಬ್‌ಕ್ಲಾಸ್ ಮಾಡಿದರೆ ಓಆರ್‌ಎಂ ತೊಡಕಿಗೆ ಬೀಳುತ್ತದೆ: ಇರುವ ಆಬ್ಜೆಕ್ಟಿನ ಕ್ಲಾಸ್ ಬದಲಿಸುವ ಸಹಜ ದಾರಿ ಇಲ್ಲ, ವಿಧದ ಕಾಲಮನ್ನು ನೇರ ಅಪ್‌ಡೇಟ್‌ನಿಂದ ತಿದ್ದಿ, ಸೆಷನ್ನಿನಿಂದ ಹೊರಹಾಕಿ, ಮತ್ತೆ ಓದಬೇಕು. ಸಿಬ್ಬಂದಿಗೆ, ನಿರ್ದೇಶಕರಿಗೆ ಸದಸ್ಯರ ಐಡಿ, ಎಂದಿನಿಂದ, ಎಂದಿನವರೆಗೆ ಎಂಬ ಕಾಲಂಗಳಿರುವ ಬೇರೆ ಟೇಬಲ್ ಮಾಡಿ.

ವ್ಯಕ್ತಿ ಮತ್ತು ಸ್ವಸಹಾಯ ಸಂಘಕ್ಕೆ ಪಾಲಿಮಾರ್ಫಿಕ್ ಮ್ಯಾಪಿಂಗ್ ಒಪ್ಪುತ್ತದೆ, ಏಕೆಂದರೆ ಸಾಲ, ಷೇರು, ಠೇವಣಿ ಎಲ್ಲವೂ ‘ಸದಸ್ಯ’ ಎಂಬ ಒಂದೇ ಫಾರಿನ್ ಕೀ ಹಿಡಿಯಬೇಕು. ಒಂದೇ ಟೇಬಲ್‌ನಲ್ಲಿ ಎರಡೂ ಇಟ್ಟರೆ ಜಾಯಿನ್ ಇಲ್ಲದೆ ವೇಗ ಸಿಗುತ್ತದೆ, ಬೆಲೆಯಾಗಿ ವ್ಯಕ್ತಿಯ ಹುಟ್ಟಿದ ದಿನ, ಸಂಘದ ಸದಸ್ಯಸಂಖ್ಯೆ ಎಲ್ಲವೂ ಖಾಲಿ ಬಿಡಬಹುದಾದ ಕಾಲಂಗಳಾಗುತ್ತವೆ. ಚೆಕ್ ಕನ್‌ಸ್ಟ್ರೈಂಟ್ ಹಾಕಿ ‘ವಿಧ ವ್ಯಕ್ತಿಯಾದರೆ ಹುಟ್ಟಿದ ದಿನ ಇರಲೇಬೇಕು’ ಎಂದು ಬಿಗಿಮಾಡಿ. ಬೇರೆ ಬೇರೆ ಟೇಬಲ್ ಮಾಡಿ ಜಾಯಿನ್ ಮಾಡಿದರೆ ಖಾಲಿ ಬಿಡಬಾರದ ಕಾಲಂಗಳನ್ನು ನೇರವಾಗಿ ಹಾಗೆಂದೇ ಬರೆಯಬಹುದು, ಆದರೆ ಪ್ರತಿ ಸೇರ್ಪಡೆಗೂ ಎರಡು ಇನ್ಸರ್ಟ್, ಪ್ರತಿ ಓದಿಗೂ ಒಂದು ಜಾಯಿನ್. ವಿಧಕ್ಕೆ ಪ್ರತ್ಯೇಕ ಕಾಲಂ ಐದಾರು ಇದ್ದರೆ ನಾನು ಒಂದೇ ಟೇಬಲ್ ಎನ್ನುತ್ತೇನೆ, ಇಪ್ಪತ್ತು ಇದ್ದರೆ ಎರಡು. ಕಾಂಕ್ರೀಟ್ ಇನ್‌ಹೆರಿಟೆನ್ಸ್ (ವಿಧಕ್ಕೊಂದು ಪೂರ್ಣ ಸ್ವತಂತ್ರ ಟೇಬಲ್) ಎಂಬ ಮೂರನೆಯದರ ತಂಟೆಗೆ ಹೋಗಬೇಡಿ. ಸದಸ್ಯ ಎಂಬ ಒಂದೇ ಫಾರಿನ್ ಕೀ ಅಲ್ಲಿ ಸಾಧ್ಯವಾಗದು.

ವಿಧದ ಕಾಲಮಿನಲ್ಲಿ ಪೈಥಾನ್ ಕ್ಲಾಸಿನ ಹೆಸರನ್ನು ಇಡಬೇಡಿ. ಕ್ಲಾಸ್ ಹೆಸರು ಬದಲಾದ ದಿನ ಹಳೆಯ ಸಾಲುಗಳನ್ನು ಓದುವಾಗ ‘ಅಂಥ ಪಾಲಿಮಾರ್ಫಿಕ್ ಐಡೆಂಟಿಟಿ ಇಲ್ಲ’ ಎಂದು ನಿಲ್ಲುತ್ತದೆ. ಸಬ್‌ಕ್ಲಾಸ್ ಇರುವ ಮಾಡ್ಯೂಲನ್ನು ಯಾವುದೋ ಸ್ಕ್ರಿಪ್ಟ್ ಇಂಪೋರ್ಟ್ ಮಾಡದೆ ಬಿಟ್ಟರೂ ಇದೇ ಎರರ್. ಚಿಕ್ಕ, ಬದಲಾಗದ ಪದ ಇಡಿ, ಮಾಡೆಲ್‌ಗಳನ್ನೆಲ್ಲ ಒಂದೇ ಕಡೆಯಿಂದ ಇಂಪೋರ್ಟ್ ಮಾಡಿ.

ಮೂರನೇ ಸಂಘದ ಹೆಚ್ಚುವರಿ ವಿವರಗಳಿಗೆ ಸಂಘಕ್ಕೊಂದು ಸಬ್‌ಕ್ಲಾಸ್ ಬೇಡ. ಆ ವಿವರಗಳ ಮೇಲೆ ಲೆಕ್ಕ, ಹುಡುಕಾಟ, ನಿಯಮಗಳಿದ್ದರೆ ಸದಸ್ಯರ ಐಡಿಯನ್ನೇ ಪ್ರೈಮರಿ ಕೀಯಾಗಿ ಉಳ್ಳ ಪಕ್ಕದ ಟೇಬಲ್ ಮಾಡಿ, ಅದನ್ನು ಆ ಸಂಘದ ಮಾಡ್ಯೂಲ್‌ನಲ್ಲೇ ಇಡಿ. ಬರೀ ತೋರಿಸುವುದಕ್ಕಾದರೆ ಒಂದು ಜೇಸನ್‌ಬಿ ಕಾಲಂ ಸಾಕು. ಅದರೊಳಗಿನ ಕೀಯನ್ನು ಇದ್ದಲ್ಲೇ ಬದಲಿಸಿದರೆ ಎಸ್‌ಕ್ಯೂಎಲ್‌ಆಲ್ಕೆಮಿಗೆ ಗೊತ್ತಾಗದೆ ಸೇವ್ ಆಗುವುದಿಲ್ಲ, ಮ್ಯೂಟಬಲ್ ಡಿಕ್ಟ್ ಸುತ್ತಬೇಕು. ಸುತ್ತಿದರೂ ಮೇಲಿನ ಹಂತ ಮಾತ್ರ ಗಮನಕ್ಕೆ ಬರುತ್ತದೆ. ಒಳಗಿನ ಹಂತ ಬದಲಿಸಿದಾಗ ಇಡೀ ಬೆಲೆಯನ್ನು ಹೊಸದಾಗಿ ಇಡಿ.

ಓಡುತ್ತಿರುವ ಸಾಫ್ಟ್‌ವೇರನ್ನು ಬದಲಿಸುವ ಕ್ರಮ

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಬೇಡಿ. ಮೊದಲು ಪಿಜಿಡಂಪ್‌ನಿಂದ ಸ್ಕೀಮಾ (ಟೇಬಲ್‌ಗಳ ರಚನೆ) ಮಾತ್ರ ತೆಗೆದಿಡಿ. ಬೇಸನ್ನು ಒಡೆದು ಮಿಕ್ಸಿನ್ ಮಾಡಿ, ಆ ಎಲ್ಲ ಮಿಕ್ಸಿನ್‌ಗಳನ್ನು ಸೇರಿಸಿ ‘ಹಳೆಯ ಮಾಡೆಲ್’ ಎಂಬ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್ ಕಟ್ಟಿ, 40 ಮಾಡೆಲ್‌ಗಳನ್ನೂ ಸದ್ಯಕ್ಕೆ ಅದರಡಿಯಲ್ಲೇ ಬಿಡಿ. ಟೇಬಲ್ ಹೆಸರುಗಳನ್ನು ಈಗಿರುವಂತೆಯೇ ಕೈಯಾರೆ ಬರೆಯಿರಿ. ಅಲೆಂಬಿಕ್ ಚೆಕ್ ಓಡಿಸಿ (1.9ರಿಂದ ಇದೆ), ಡೇಟಾಬೇಸಿಗೂ ಮಾಡೆಲ್‌ಗಳಿಗೂ ವ್ಯತ್ಯಾಸ ಕಂಡರೆ ಅದು ವಿಫಲವಾಗುತ್ತದೆ. ಅದು ಪಾಸಾಗುವ ತನಕ ಮುಂದೆ ಹೋಗಬೇಡಿ, ಪ್ರತಿ ಬದಲಾವಣೆಗೂ ತಾನೇ ಓಡುವ ಸಿಐ ಪರೀಕ್ಷೆಗಳಲ್ಲೂ ಇಟ್ಟುಬಿಡಿ. ಆಮೇಲೆ ಹಳೆಯ ಸೇವ್ ಮೆಥಡ್‌ನಲ್ಲಿ ಕಮಿಟ್ ತೆಗೆದು ಡೆಪ್ರಿಕೇಶನ್ ವಾರ್ನಿಂಗ್ ಹಾಕಿ, ಕರೆಯುವ ಕಡೆಗಳನ್ನು ಒಂದೊಂದಾಗಿ ಸರ್ವೀಸ್ ಫಂಕ್ಷನ್‌ಗೆ ಸಾಗಿಸಿ. ಹಣ ಮುಟ್ಟುವ ಕೋಡ್ ಮೊದಲ ಸರದಿಯಲ್ಲಿ ಬರಲಿ.

ಬಳಿಕ ಮಾಡೆಲ್‌ಗಳನ್ನು ಹಳೆಯ ಮಾಡೆಲ್‌ನಿಂದ ಬಿಡಿಸಿ, ಬೇಕಾದ ಮಿಕ್ಸಿನ್‌ಗಳನ್ನು ಮಾತ್ರ ಕೊಡಿ. ನಮೂದುಗಳ ಟೇಬಲ್‌ನಿಂದ ಅಳಿಸಿದ ಗುರುತು ಹೋದಾಗ ಅಲೆಂಬಿಕ್ ಆ ಕಾಲಮನ್ನು ಡ್ರಾಪ್ ಮಾಡುವ ಮೈಗ್ರೇಶನ್ ಬರೆಯುತ್ತದೆ. ಅದನ್ನು ಓಡಿಸುವ ಮುಂಚೆ ಗುರುತು ಬಿದ್ದಿರುವ ಸಾಲುಗಳೆಷ್ಟು ಎಂದು ಎಣಿಸಿ. ಒಂದಿದ್ದರೂ ನಿಲ್ಲಿಸಿ, ಲೆಕ್ಕ ನೋಡುವವರ ಜೊತೆ ಕೂತು ಎದುರು ನಮೂದು ಹಾಕಿಸಿ. ಇಲ್ಲದಿದ್ದರೆ ಕಾಲಂ ಹೋದ ಕ್ಷಣ ಆ ರಸೀದಿಗಳೆಲ್ಲ ಮತ್ತೆ ಜೀವಂತವಾಗಿ ಶಿಲ್ಕು ಬದಲಾಗುತ್ತದೆ.

ಮುಂದೆ ಮಿಕ್ಸಿನ್‌ಗೆ ಹೊಸ ಕಾಲಂ ಸೇರಿಸುವಾಗ ಅದನ್ನು ಬಳಸುವ ಅಷ್ಟೂ ಟೇಬಲ್‌ಗಳಿಗೆ ಆಲ್ಟರ್ ಟೇಬಲ್ ಓಡುತ್ತದೆ, ಪ್ರತಿಯೊಂದಕ್ಕೂ ಆ ಹೊತ್ತಿಗೆ ಪೂರ್ಣ ಲಾಕ್ ಬೇಕು. ಪೋಸ್ಟ್‌ಗ್ರೆಸ್ 11ರಿಂದ ಸ್ಥಿರ ಡಿಫಾಲ್ಟ್ ಇರುವ ಕಾಲಂ ಸೇರಿಸಿದರೆ ಟೇಬಲ್ ಮತ್ತೆ ಬರೆಯಲ್ಪಡುವುದಿಲ್ಲ, ನೌ ಕೊಟ್ಟರೂ ಹಾಗೆಯೇ. ಸಾಲುಸಾಲಿಗೆ ಬದಲಾಗುವ ರ್‍ಯಾಂಡಮ್ ಯುಯುಐಡಿ ಡಿಫಾಲ್ಟ್ ಕೊಟ್ಟರೆ ಇಡೀ ಟೇಬಲ್ ಮತ್ತೆ ಬರೆಯಲ್ಪಡುತ್ತದೆ. ಮೈಗ್ರೇಶನ್ನಿನ ಶುರುವಿನಲ್ಲಿ ಲಾಕ್ ಟೈಮೌಟ್ ಅನ್ನು ಐದು ಸೆಕೆಂಡಿಗೆ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಸದಸ್ಯರು ಸಾಲಾಗಿ ನಿಂತಿರುವಾಗ ಸಾಫ್ಟ್‌ವೇರ್ ಲಾಕ್‌ಗಾಗಿ ಕಾಯುತ್ತ ಕೂರುವುದಕ್ಕಿಂತ ಮೈಗ್ರೇಶನ್ ಬಿದ್ದು ರಾತ್ರಿ ಮತ್ತೆ ಓಡುವುದು ಮೇಲು.

ಕೊನೆಗೆ ನಿಮ್ಮ ಚಿಕ್ಕ ಪ್ರಶ್ನೆ. 2.0ದ ಡಿಕ್ಲರೇಟಿವ್ ಬೇಸ್‌ಗೆ ತನ್ನದೇ ಮೆಟಾಕ್ಲಾಸ್ (ಕ್ಲಾಸನ್ನೇ ಸೃಷ್ಟಿಸುವ ಕ್ಲಾಸ್) ಇದೆ, ಎಬಿಸಿಗೂ ಅದರದ್ದೇ ಇದೆ. ಒಂದು ಕ್ಲಾಸಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೆಟಾಕ್ಲಾಸ್ ಇರಲಾಗದು, ಅದಕ್ಕೇ ಆ ಎರರ್. ಡಿಕ್ಲರೇಟಿವ್ ಬೇಸ್ ನೋ ಮೆಟಾ ಎಂಬ ಇನ್ನೊಂದು ಕ್ಲಾಸ್ ಇರುವುದು ಇಂಥ ಸಂದರ್ಭಕ್ಕೇ, ಅದನ್ನು ಬಳಸಬಹುದು. ಆದರೆ ನಿಮಗೆ ಬೇಕಾಗಿರುವುದು ‘ಈ ಮಿಕ್ಸಿನ್ ಬಳಸುವವರು ಈ ಮೆಥಡ್ ಬರೆದಿರಬೇಕು’ ಎಂಬ ಖಾತ್ರಿ ಮಾತ್ರವಾದರೆ ಎಬಿಸಿ ಬಿಡಿ. ಬೇಸ್‌ನಲ್ಲಿ ಇನಿಟ್ ಸಬ್‌ಕ್ಲಾಸ್ (ಹೊಸ ಸಬ್‌ಕ್ಲಾಸ್ ಹುಟ್ಟಿದಾಗ ಓಡುವ ಮೆಥಡ್) ಬರೆದು, ಅಲ್ಲಿ ಮೊದಲು ಸೂಪರ್ ಕರೆಯಿರಿ, ಆಮೇಲೆ ಪರೀಕ್ಷೆ ಮಾಡಿ. ಸೂಪರ್ ಕರೆಯಲು ಮರೆತರೆ ಆ ಕ್ಲಾಸ್ ಮ್ಯಾಪ್ ಆಗುವುದೇ ಇಲ್ಲ, ಏಕೆಂದರೆ ಮ್ಯಾಪಿಂಗ್ ನಡೆಯುವುದು ಅದರೊಳಗೇ.